ಎರೆಭೂತದ ಕಾವಲುಗಾರ

ಹುಲ್ಲುಗಾವಲಿನ ಕಾವಲುಗಾರನಿಗೆ ಊರವರು ಇಟ್ಟ ಹೆಸರು ‘ಪಿಸುಮಾವ’. ಆಡಿನಮರಿಯಷ್ಟು ಭಾರದ, ನೆಲದ ಮೇಲೇ ಬಾಳುವ ಎರೆಭೂತ ಹಕ್ಕಿ ಎಲ್ಲಿ ಬೆದರೀತೋ ಎಂದು ಆತ ಮಾತಾಡುವುದೇ ಪಿಸುಗುಟ್ಟಿ. ನಡೆಯುವುದೂ ಆ ಹಕ್ಕಿಯಂತೆಯೇ, ಕೊರಳು ನಿಗುರಿಸಿ, ಕಾಲು ಎತ್ತೆತ್ತಿ. ಸೀನು ಬಂದರೆ ಟವೆಲ್ಲಿನಲ್ಲಿ ಮುಖ ಹುದುಗಿಸುತ್ತಾನೆ. “ನಮ್ಮ ಮದುವೇಲಿ ವಾದ್ಯದವರನ್ನೂ ಸುಮ್ನೆ ಕೂರಿಸಿದ ಪುಣ್ಯಾತ್ಮ ಇವರು” ಎಂದು ಹೆಂಡತಿ ನಗುತ್ತಿದ್ದಳು. ಈಗ ನಗುವುದಿಲ್ಲ. ಹೋದ ಬೇಸಿಗೆಯಲ್ಲಿ ಕೊನೆಯ ಹಕ್ಕಿಯೂ ಹಾರುವಾಗ ಹೊಸದಾಗಿ ಎಳೆದ ಕರೆಂಟಿನ ತಂತಿಗೆ ಬಡಿದು ಸತ್ತಿತು. ಹಕ್ಕಿಯಿಲ್ಲವೆಂದು ಗೊತ್ತಾದರೆ ಅದಕ್ಕೆಂದೇ ಮೀಸಲಿಟ್ಟ ಹುಲ್ಲುಗಾವಲು ಕಾರ್ಖಾನೆಯ ಪಾಲು. ಹಾಗಾಗಿ ಆತ ಸತ್ತ ಹಕ್ಕಿಯನ್ನು ಹಿತ್ತಲಲ್ಲಿ ಗುಟ್ಟಾಗಿ ಹೂತು, ಕಾಲುಗಳನ್ನು ಮಾತ್ರ ಒಣಗಿಸಿ ಇಟ್ಟುಕೊಂಡ. ಅರಣ್ಯ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ದಿನ ಬೆಳಗ್ಗೆ ಅವುಗಳಿಂದ ದಾರಿಯ ಧೂಳಿನಲ್ಲಿ ಮೂರು ಬೆರಳಿನ ಹೆಜ್ಜೆಗಳನ್ನು ಒತ್ತುತ್ತಾನೆ. “ಭೇಷ್, ಹಕ್ಕಿ ಇದೆಯಲ್ರೀ!” ಎಂದು ಸಾಹೇಬರು ದನಿ ಏರಿಸಿದರೆ, “ಮೆಲ್ಲಗೆ ಸಾರ್, ಇಲ್ಲೇ ಎಲ್ಲೋ ಇರತ್ತೆ” ಎನ್ನುತ್ತಾನೆ. ಹೊಟ್ಟೆಪಾಡಿನ ನಾಟಕವೆಂದೇ ಹೆಂಡತಿ ತಿಳಿದಿದ್ದಳು. ಆದರೆ ಮೊನ್ನೆ ಜೀಪು ಹೋಗಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲದಾಗ, ಆತ ತಾನೇ ಒತ್ತಿದ ಹೆಜ್ಜೆಗಳನ್ನು ತುಳಿಯದಂತೆ ಮುಳ್ಳುಪೊದೆಗಳ ನಡುವೆ ಬಳಸಿಕೊಂಡು ಬರುತ್ತಿದ್ದ. “ದಾರಿ ಇರುವಾಗ ಮುಳ್ಳಲ್ಲಿ ಯಾಕ್ರೀ ಬರ್ತೀರಿ?” ಎಂದು ಅವಳು ಬಾಗಿಲಿನಿಂದ ಕೂಗಿದಳು. ಆತ ಗಾಬರಿಯಿಂದ ತುಟಿಗೆ ಬೆರಳಿಟ್ಟು, ಸದ್ದು ಮಾಡಬೇಡವೆಂದು ಸನ್ನೆ ಮಾಡಿದ.