ನಾಝಿಯಾರ ಗಿಡುಗ ಇವತ್ತು ಇಳಿಯುತ್ತಿಲ್ಲ

ಸೂರ್ಯ ಇನ್ನೂ ಪೂರ್ತಿ ಎದ್ದಿಲ್ಲ. ಹೊರದೇಶದ ಊರು ಹಿಲ್ಸ್‌ಬರೋದಿಂದ ಅರ್ಧ ಗಂಟೆ ದೂರದ ಕಸದ ಯಾರ್ಡ್‌ನಲ್ಲಿ ನಾಝಿಯಾ ಎಡಗೈಗೆ ದಪ್ಪ ಚರ್ಮದ ಗ್ಲೌಸ್ ತೊಟ್ಟು ಸೀಟಿ ಊದುತ್ತಿದ್ದಾರೆ. ಗ್ಲೌಸ್ ಮೇಲೆ ಹಸಿ ಮಾಂಸದ ಚೂರು. ಲೈಟ್ ಕಂಬದ ತುದಿಯಲ್ಲಿ ಕೂತಿರುವ ಬೇಗಂ ಎಂಬ ಗಿಡುಗ ಅದನ್ನು ನೋಡುತ್ತದೆ, ಕತ್ತು ತಿರುಗಿಸುತ್ತದೆ, ರೆಕ್ಕೆ ಕೊಡವುತ್ತದೆ. ಬರುವುದಿಲ್ಲ.

ಮೈಸೂರಿನ ಮಂಡಿ ಮೊಹಲ್ಲಾದ ಈ ಹೆಣ್ಣುಮಗಳ ಕೆಲಸ, ಕಸಕ್ಕೆ ಮುತ್ತುವ ಕಡಲಕ್ಕಿಗಳನ್ನು ಗಿಡುಗ ಹಾರಿಸಿ ಓಡಿಸುವುದು. ಕೊಲ್ಲುವುದಲ್ಲ, ಹೆದರಿಸುವುದಷ್ಟೇ. ಗಿಡುಗ ಸಾಕುವ ಕಂಪನಿಯೊಂದರ ಹಿರಿಯರೊಬ್ಬರ ಕೈಕೆಳಗೆ ಇನ್ನೂ ಕಲಿಯುತ್ತಿದ್ದಾರೆ. ಮುಂಗೈ ತುಂಬ ಉಗುರಿನ ಗಾಯ, ಬಂಧುಗಳ ನಗು ಬೇರೆ. ಬೇಗಂ ಇರುವುದು ಅವರ ಮನೆಯ ಹಿತ್ತಲ ಗೂಡಿನಲ್ಲೇ.

"ಹಸಿವಿದ್ರೆ ಮಾತ್ರ ಬರುತ್ತೆ ಸರ್," ಎನ್ನುತ್ತಾರೆ ನಾಝಿಯಾ, ಅವರ ಬಗ್ಗೆ ಬರೆಯಲು ಬಂದ ನನಗೆ. "ಹಸಿವು ಜಾಸ್ತಿಯಾದ್ರೆ ವೀಕ್ ಆಗುತ್ತೆ, ಕಮ್ಮಿಯಾದ್ರೆ ನಮ್ಮನ್ನ ಕೇರೇ ಮಾಡಲ್ಲ. ಬೆಳಿಗ್ಗೆ ತೂಕ ನೋಡಿದ್ದೆ, ಕರೆಕ್ಟಾಗೇ ಇತ್ತು. ಏನಾಯ್ತೋ ಗೊತ್ತಾಗ್ತಿಲ್ಲ."

ನನಗಂತೂ ಮೊದಲಿಂದಲೇ ಗೊತ್ತಾಗುತ್ತಿಲ್ಲ. ಕಾಲಿಗೆ ದಾರವಿಲ್ಲ, ತಡೆಯುವವರಿಲ್ಲ. ಹಾಗಿದ್ದ ಮೇಲೆ ಹಕ್ಕಿ ಯಾಕಾದರೂ ವಾಪಸು ಬರಬೇಕು? ಅದರ ಮೈಮೇಲಿನ ಟ್ರಾನ್ಸ್‌ಮಿಟರ್ ಹಕ್ಕಿ ಎಲ್ಲಿದೆ ಎಂದು ತೋರಿಸುತ್ತದೆ, ಕರೆತರುವುದಿಲ್ಲ. ಬೇಗಂ ಕಂಪನಿಯದು. ಕಳೆದುಹೋದರೆ ನಾಝಿಯಾರ ಕಲಿಕೆ, ಕೆಲಸ ಎರಡೂ ಅಲ್ಲಿಗೇ ಮುಗಿಯಿತು. ಅತ್ತ ಕಡಲಕ್ಕಿಗಳು ಧೈರ್ಯ ಮಾಡಿ ಒಂದೊಂದಾಗಿ ಕಸಕ್ಕೆ ಇಳಿಯುತ್ತಿವೆ.

ಗಾಬರಿಯಲ್ಲಿ ಮನೆಗೆ ಫೋನ್ ಮಾಡುತ್ತಾರೆ. ಅಮ್ಮಿ ಎಂದು ಅವರು ಕರೆಯುವ ಅತ್ತೆ ತಾಹಿರಾ ಉರ್ದುವಿನಲ್ಲಿ ನಿಧಾನವಾಗಿ ಏನೋ ಹೇಳುತ್ತಾರೆ. ನಾಝಿಯಾ ಹಣೆ ಹಿಡಿದುಕೊಂಡು ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಾರೆ.

"ನಾನು ಕಾರಿನ ಗಾಜಿನ ಮೇಲಿನ ಐಸ್ ಕೆರೀತಿದ್ದಾಗ ಅಮ್ಮಿ ಇದನ್ನ ಇಲ್ಲಿಗೆ ತರೋ ಪೆಟ್ಟಿಗೆ ತೆಗೆದು ಕೋಳಿ ತಿನ್ನಿಸಿದ್ದಾರೆ! ಬಿರಿಯಾನಿಗೆ ಅಂತ ತಂದಿದ್ದು. ಎದೆ ಮೂಳೆ ಕಾಣ್ತಿತ್ತಂತೆ, ಪಾಪ ಅನ್ನಿಸ್ತಂತೆ. ಖಾಲಿ ಹೊಟ್ಟೇಲಿ ಯಾರನ್ನೂ ಮನೆಯಿಂದ ಕಳಿಸಬಾರದು ಅಂತ ನಮ್ಮಲ್ಲಿ. ತಿಂದು ಇದರ ಗಂಟಲು ಉಬ್ಬಿದ್ದನ್ನ ನಾನೂ ಆ ಕತ್ತಲಲ್ಲಿ ನೋಡ್ಲಿಲ್ಲ. ಈಗ ಬೈಯೋದೋ ನಗೋದೋ ನೀವೇ ಹೇಳಿ."

ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅನ್ನುತ್ತಾರಲ್ಲ, ಹಾಗಾಗಿದೆ ಬೇಗಂ ಸ್ಥಿತಿ. ಕಾಯುವುದೊಂದೇ ದಾರಿ. ಮಧ್ಯಾಹ್ನ ಅದು ಇದ್ದಕ್ಕಿದ್ದಂತೆ ಬೇಲಿಯಾಚೆಯ ಕಾಡಿನತ್ತ ಹಾರಿದಾಗ ನಾಝಿಯಾ ಸೀಟಿ ಊದುತ್ತಾ ಬೇಲಿಯವರೆಗೆ ಓಡುತ್ತಾರೆ. ಒಂದು ಸುತ್ತು ಹೊಡೆದು ಬೇಗಂ ಅದೇ ಕಂಬಕ್ಕೆ ಮರಳುತ್ತದೆ.

ಹೊತ್ತು ಇಳಿಯುವಾಗ ಹಸಿವಾಯಿತೇನೋ, ಒಂದೇ ಸೀಟಿಗೆ ಬಂದು ಗ್ಲೌಸ್ ಮೇಲೆ ಕೂರುತ್ತದೆ. ನಾಝಿಯಾ ಅಳುತ್ತಲೇ ಮಾಂಸ ತಿನ್ನಿಸುತ್ತಾರೆ.

"ಹಸಿದು ಬಂತು ಅಂತ ಗೊತ್ತು ಸರ್. ಆದ್ರೆ ಅಲ್ಲೀವರೆಗೂ ಯಾಕೆ ಇಲ್ಲೇ ಇತ್ತು? ಕಾಡು ಅಲ್ಲೇ ಇತ್ತಲ್ಲ. ಎಷ್ಟು ಯೋಚಿಸಿದ್ರೂ ತಿಳೀತಿಲ್ಲ," ಎನ್ನುತ್ತಾರೆ. ಮತ್ತೆ ನಾಚಿಕೊಂಡವರಂತೆ ಸೇರಿಸುತ್ತಾರೆ: "ನನಗಿರೋದು ಒಂದೇ ಆಸೆ. ಅದರ ಹೊಟ್ಟೆ ತುಂಬಿರೋವಾಗ ಒಂದ್ಸಲ ಕರೀಬೇಕು. ಬರಬೇಕು."