ಕೋಳಿಗೂಡಿನ ಗಂಟೆ

ಬಿಳಿಕೆರೆ ಕಡೆಯ ನಮ್ಮೂರಿನಲ್ಲಿ ಮನೆಗೊಂದು ಕೋಳಿಗೂಡು ಇದ್ದ ಕಾಲ ಅದು. ಹೊತ್ತು ಮುಳುಗುತ್ತಲೇ ಕೋಳಿಗಳು ತಾವಾಗಿ ಗೂಡು ಸೇರುತ್ತಿದ್ದವು. ಬಾಗಿಲು ಹಾಕಬೇಕಾದ ನಾವೇ ಮರೆಯುತ್ತಿದ್ದೆವು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಂತೂ ಅವ್ವ ಸೊಪ್ಪು ಹದಮಾಡುವ ಬ್ಯಾರನ್ನು ಮನೆಯ ಒಲೆ ಬಿಟ್ಟು ಏಳುತ್ತಿರಲಿಲ್ಲ. ಕಾಡುಬೆಕ್ಕಿಗೆ ಕೋಳಿ, ನನಗೆ ಬೈಗುಳ.

ನಾನಾಗ ಹತ್ತನೇ ಕ್ಲಾಸು. ಮಾವನ ಕೆಟ್ಟ ರೇಡಿಯೋ ಬಿಚ್ಚಿದಾಗ ಟ್ರಾನ್ಸಿಸ್ಟರುಗಳು ಸಿಕ್ಕಿದವು, ಗಾಜಿನ ಮೈಗೆ ಕಪ್ಪು ಬಣ್ಣ ಬಳಿದಂಥವು. ಆ ಬಣ್ಣ ಕೆರೆದರೆ ಅದಕ್ಕೆ ಬೆಳಕು ತಿಳಿಯುತ್ತದೆಂದು ಎಲ್ಲೋ ಓದಿದ್ದೆ. ಬ್ಲೇಡಿನಿಂದ ಒಂದನ್ನು ಕೆರೆದೆ. ಬೆಸುಗೆ ಕಡ್ಡಿಯನ್ನು ಬ್ಯಾರನ್ನಿನ ಒಲೆಯಲ್ಲೇ ಕಾಯಿಸಿದೆ. ಪಕ್ಕದಲ್ಲಿ ಗೆಣಸು ಸುಡುತ್ತಿತ್ತು. ಬೆಸುಗೆಯ ರಾಳದ ಹೊಗೆ, ಗೆಣಸಿನ ಸಿಹಿ, ಸೊಪ್ಪಿನ ಘಾಟು, ಎಲ್ಲ ಒಂದೇ ಉಸಿರಿನಲ್ಲಿ. ನನ್ನ ಸರ್ಕೀಟಿನ ಲೆಕ್ಕ ಇಷ್ಟೇ: ಕತ್ತಲಾಗಿರಬೇಕು, ಗೂಡಿನ ಬಾಗಿಲೂ ತೆರೆದಿರಬೇಕು. ಎರಡೂ ಒಟ್ಟಿಗಾದರೆ ಮಾತ್ರ ಗಂಟೆ. ಒಂದೇ ಆದರೆ ಬಾಯಿ ಮುಚ್ಚಿಕೊಂಡಿರಬೇಕು.

ಸ್ಕೂಲಿನ ವಿಜ್ಞಾನ ಪ್ರದರ್ಶನ ಬಂತು. "ಹುಡುಗೀರು ಕಸೂತಿ ಇಡ್ರಮ್ಮ," ಎಂದರು ವಿಜ್ಞಾನದ ಮೇಷ್ಟ್ರು. ನಾನು ಕೋಳಿಗೂಡು ಇಡುತ್ತೇನೆಂದೆ. ಅಪ್ಪ ನನ್ನನ್ನು ಹೊಲಿಗೆ ಕ್ಲಾಸಿಗೆ ಹಾಕಲು ಆಗಲೇ ತೀರ್ಮಾನ ಮಾಡಿದ್ದರು.

"ಮೇಷ್ಟ್ರು ಮುಂದೆ ಅದು ನೀನೇಳ್ದಂಗೆ ನಡೀಲಿ, ಹುಣಸೂರು ಕಾಲೇಜ್ಗೆ ಸೈನ್ಸಿಗೆ ಸೇರುಸ್ತೀನಿ. ಇಲ್ದಿದ್ರೆ ಸುಮ್ಕೆ ಹೊಲಿಗೆ ಕಲ್ತ್ಕೊ," ಎಂದರು.

"ನಡೀತದೆ," ಎಂದೆ.

ಬೆಳಿಗ್ಗೆ ಹೊರಡುವಾಗ ಅವ್ವ ನನ್ನ ಕೋಳಿಗೂಡಿನ ಪೆಟ್ಟಿಗೆ ಮುಂದೆ ಕೂತು ಏನೋ ಮಾಡುತ್ತಿದ್ದಳು. ಹೊತ್ತಾಯಿತೆಂದು ಕಿತ್ತುಕೊಂಡು ಓಡಿದೆ.

ಮಟಮಟ ಮಧ್ಯಾಹ್ನ. ಮೇಷ್ಟ್ರು ಬಂದರು, ಹಿಂದೆ ಅಪ್ಪ ಅವ್ವ. ಹಗಲಲ್ಲಿ ಬಾಗಿಲು ತೆರೆದರೂ ಗಂಟೆ ಹೊಡೆಯುವುದಿಲ್ಲ ಎಂದು ಹೇಳಿ ಪುಟ್ಟ ಬಾಗಿಲು ತೆರೆದೆ. ಗಂಟೆ ಊರಿಗೇ ಕೇಳುವ ಹಾಗೆ ಹೊಡೆದುಕೊಳ್ಳತೊಡಗಿತು. ಹುಡುಗರು ಹೋ ಎಂದು ನಕ್ಕರು.

"ಅದ್ಕೇ ಹೇಳಿದ್ದು, ಕಸೂತಿ ಅಂತ," ಎಂದರು ಮೇಷ್ಟ್ರು. ಅಪ್ಪ ಹೊರಡಲು ತಿರುಗಿದರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ನಿಂತ್ಕೊಳ್ಳಿ ಅಪ್ಪಾ!" ಎಂದು ಕೂಗಿ ಬಗ್ಗಿ ನೋಡಿದೆ. ಕೆರೆದ ಗಾಜಿನ ಮೇಲೆ ದಪ್ಪಗೆ ಕಾಡಿಗೆ!

"ದೃಷ್ಟಿಬೊಟ್ಟು ಕಣಮ್ಮಿ... ಯಾರ ಕಣ್ಣೂ ಬೀಳ್ದೆ ಇರ್ಲಿ ಅಂತ," ಎಂದಳು ಅವ್ವ, ಸಣ್ಣಗಾಗಿ.

ಲಂಗದ ಅಂಚಿನಿಂದ ಒರೆಸಿದೆ. ಗಂಟೆ ನಿಂತಿತು. ಗಾಜನ್ನು ಅಂಗೈಯಿಂದ ಮುಚ್ಚಿದೆ, ಹೊಡೆಯಿತು. ಬಾಗಿಲು ಹಾಕಿದೆ, ನಿಂತಿತು.

"ಅದು ತಪ್ಪು ಮಾಡ್ಲಿಲ್ಲ ಸಾರ್. ಕಣ್ಣಿಗೆ ಕಾಡಿಗೆ ಮೆತ್ತಿದ್ರೆ ಅದಕ್ಕೆ ರಾತ್ರಿನೇ. ಬಾಗ್ಲೂ ತೆಗ್ದಿತ್ತು. ಹೊಡ್ಕೊಳ್ತು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಸರಿ, ಕಸೂತಿ ಟೇಬಲ್ಲಲ್ಲಿ ಇಡು."

"ಇಲ್ಲ ಸಾರ್. ವಿಜ್ಞಾನದ ಟೇಬಲ್ಲಲ್ಲೇ ಇಡ್ತೀನಿ." ಹುಡುಗರ ಪೆಟ್ಟಿಗೆಗಳನ್ನು ನಾನೇ ಅತ್ತ ತಳ್ಳಿ ನಡುವೆ ಇಟ್ಟೆ.

"ಓದ್ಕೊ ಬುಡು," ಎಂದರು ಅಪ್ಪ. ಓದಿದೆ. ಹೆಣ್ಣಿಗೆ ಇದೆಲ್ಲ ಯಾಕೆ ಎನ್ನುವವರು ಮುಂದೆಯೂ ಸಿಕ್ಕರು. ಯಾರಿಗೂ ಜಾಗ ಬಿಟ್ಟುಕೊಡಲಿಲ್ಲ.

ಈಗ ಊರಿನ ಬೀದಿದೀಪ ಕತ್ತಲಾದರೆ ತಾನೇ ಹತ್ತಿಕೊಳ್ಳುತ್ತದೆ. ಹಿತ್ತಿಲಲ್ಲಿ ಕೋಳಿಗೂಡಿಲ್ಲ, ಒಲೆಯಲ್ಲಿ ಗೆಣಸು ಸುಡುವವರಿಲ್ಲ. ಆಮೇಲೆ ನಾನು ಎಷ್ಟೋ ಸರ್ಕೀಟು ಮಾಡಿದೆ, ಎಲ್ಲವನ್ನೂ ಎಷ್ಟೋ ಜನ ಪರೀಕ್ಷೆ ಮಾಡಿದರು. ಕಣ್ಣು ಬೀಳುತ್ತದೆಂದು ಹೆದರಿ ಕಾಡಿಗೆ ಇಟ್ಟವಳು ಮಾತ್ರ ಅವ್ವ ಒಬ್ಬಳೇ.