ಗರಡಿಮನಿ ಗ್ವಾಡಿಮ್ಯಾಲಿನ ಅಪ್ಪ

ಸುರಪುರದಾಗ ನಮ್ಮ ಓಣಿ ಗರಡಿಮನಿ ಗ್ವಾಡಿ ತುಂಬ ಚಿತ್ರ ಇದ್ದವು. ಹಿಂದಿನ ರಾಜನ ದಂಡಿನ ಚಿತ್ರ ಬರಿ ಅಂತ ಹಿರ್ಯಾರು ಚಿತ್ರಗಾರ ಮುತ್ಯಾಗ ಹೇಳಿದ್ರಂತ. ಆ ಮುತ್ಯಾ ದಂಡು ಎಲ್ಲಿ ನೋಡಿದ್ದ! ಓಣಿ ಮಂದೀನ್ನೇ ಸಿಪಾಯಿ ಮಾಡಿ ನಿಂದ್ರಿಸಿಬಿಟ್ಟ. ಕಂಬಳಿ ಹೊತ್ತ ಕುರುಬರಾವ, ಗಡಿಗಿ ಹೊತ್ತ ಕುಂಬಾರ ಅತ್ತಿ, ಎಲ್ಲಾರೂ ಥೇಟ್ ಅವರೇ. ಬಿಳಿ ಕುದುರಿ ಮ್ಯಾಲೆ ಕೂತಾವ ನಮ್ಮಪ್ಪ. ಅಪ್ಪ ವಾಂತಿಭೇದಿಗೆ ಸತ್ತಾಗ ನಾನಿನ್ನಾ ಮಲಿ ಕುಡಿಯೋ ಕೂಸು. ಮನ್ಯಾಗ ಒಂದು ಫೋಟೋ ಸೈತ ಇದ್ದಿಲ್ಲ. ನನಗ ಅಪ್ಪ ಅಂದ್ರ ಆ ಗ್ವಾಡಿನೇ.

ಹೈದರಾಬಾದ್ ಸಂಸ್ಥಾನ ಇನ್ನಾ ಹಿಂದೂಸ್ಥಾನಕ್ಕ ಕೂಡಿದ್ದಿಲ್ಲ. ನಮ್ಮ ಕಾಕಾ, ಅಪ್ಪನ ಬೆನ್ನಿಗೆ ಹುಟ್ಟಿದಾವ, ಕಚೇರಿ ಮ್ಯಾಲೆ ಮೂರು ಬಣ್ಣದ ಬಾವುಟ ಏರಿಸಿ ಕುರಿ ಕಾಯೋರ ನಡುವ ತಲಿಮರಿಸಿಕೊಂಡಿದ್ದ. ಜ್ವರ ಬಂದು ಮನಿಗೆ ಬಂದ ದಿನಾನೇ ಬೋನಾಳ ಕಡಿಂದ ಸಂಸ್ಥಾನದ ಬಂದೂಕಿನ ಸವಾರರು ಅವನ್ನ ಹಿಡಿಯಾಕ ಬರಾಕತ್ತಾರ ಅಂತ ಸುದ್ದಿ ಬಂತು. ಅವರಿಗಿದ್ದದ್ದು ಒಂದೇ ಗುರ್ತು: ಗರಡಿಮನಿ ಗ್ವಾಡಿಮ್ಯಾಲಿನ ಬಿಳಿ ಕುದುರಿಯಾವನ ತಮ್ಮ, ಅಣ್ಣನ ಮಾರಿನೇ ಅವಂದು.

"ಗ್ವಾಡಿ ಸಾರಿಸಿಬಿಡೂಣು," ಅಂದ್ಳು ಅವ್ವ. ಹೆಂಗಸರೆಲ್ಲಾ ಕೆಮ್ಮಣ್ಣು, ಸಗಣಿ ಕಲಿಸ್ಕೊಂಡು ಓಡಿ ಬಂದ್ರು. ಅಪ್ಪನ ಚಿತ್ರದ ಮುಂದ ಆಯಿ, ಅಪ್ಪನ್ನ ಹಡದಾಕಿ, ಅಡ್ಡ ನಿಂತ್ಳು.

"ಒಮ್ಮಿ ಇವಗ ಮಣ್ಣು ಕೊಟ್ಟೀನಿ. ಮತ್ತ ನನ್ನ ಕೈಲೇ ಕೊಡಂತೀರೇನು?"

ಕುದುರಿ ಕಾಲಿನ ಸಪ್ಪಳ ಊರ ಅಗಸಿ ಬಾಗಿಲಕ್ಕ ಬಂದಿತ್ತು. ಆಯಿ ನನ್ನ ಕೈಯಾಗಿನ ಕೆಮ್ಮಣ್ಣಿನ ಬುಟ್ಟಿ ಕಸ್ಕೊಂಡು, ಅಪ್ಪನ ಮಾರಿ ಮ್ಯಾಲೆ ಎರಡೂ ಕೈಲೆ ತಿಕ್ಕೇ ತಿಕ್ಕಿದ್ಳು.

ಸವಾರರು ಗಂಡಸರನ್ನೆಲ್ಲಾ ಅದೇ ಹಸಿ ಗ್ವಾಡಿಗೆ ಸಾಲಾಗಿ ನಿಂದ್ರಿಸಿದ್ರು. ಕಾಕಾನೂ ಕಂಬಳಿ ಹೊದ್ದು ನಡುಗಿಕೋತ ನಿಂತಿದ್ದ.

"ಬಿಳಿ ಕುದುರಿ ಎಲ್ಲದ?"

"ಪಂಚಮಿ ಬಂತಲ್ರೀ, ಸಾರಿಸೀವ್ರಿ," ಅಂದ್ಳು ಅವ್ವ.

ಅವರ ದೊಡ್ಡಾವ ಚಾಟಿ ಹಿಡಿಕಿಲೆ ಗ್ವಾಡಿ ಕೆರೆದ. ಕುದುರಿ ಬಾಲ ಕಾಣಿಸ್ತು. ಯವ್ವಾ, ನಾ ನಿಂತಲ್ಲೇ ಉಚ್ಚಿ ಹೊಯ್ಕೊಂಡೆ. ಬೆನ್ನು ಕೆರೆದ, ಮ್ಯಾಲೆ ಮಾರಿ ಕೆರೆದ. ಬರೇ ಮಣ್ಣು ಉದುರಿತು. ಕಾಕಾನ ಗದ್ದ ಎತ್ತಿ ನೋಡಿದ, ಗ್ವಾಡಿ ನೋಡಿದ, ಥೂ ಅಂತ ಉಗುಳಿ ಕುದುರಿ ಹತ್ತಿದ. ಚಾಟಿಲೆ ಕೆರೆಯೋ ಹಾಳಾದ ಆ ಸಪ್ಪಳ ಈಗೂ ಕನಸಿನ್ಯಾಗ ಕೇಳಿಸ್ತದ.

ಸಂಸ್ಥಾನ ಕೂಡಿದ ಮ್ಯಾಲೆ ಓಣಿ ಮಂದಿ ಖುಷೀಲೆ ಮಣ್ಣು ತೊಳೆದ್ರು. ಕುರುಬರಾವ ಬಂದ, ಕುಂಬಾರ ಅತ್ತಿ ಬಂದ್ಳು. ಬಣ್ಣ ಮಾಸಿತ್ತು, ಆದ್ರ ಎಲ್ಲಾರ ಗುರ್ತೂ ಸಿಗತಿತ್ತು. ಬಿಳಿ ಕುದುರಿ ಮ್ಯಾಲೆ ಮಾತ್ರ ಬರೇ ಗಚ್ಚು. ಬಣ್ಣನೇ ಕಿತ್ತು ಹೋಗೂ ಹಂಗ ಆಯಿ ಅವತ್ತು ತಿಕ್ಕಿದ್ಳು.

"ಆಯಿ, ಅಪ್ಪ ಎಲ್ಲಿ?" ಅಂತ ನಾ ಒಂದೇ ಸವನ ಅಳಾಕತ್ತಿದೆ.

ಆಯಿ ಕಾಕಾನ ತೋಳು ಹಿಡಿದು ಎಳಕೊಂಡು ಬಂದು ಆ ಜಾಗಕ್ಕ ಬೆನ್ನು ಹಚ್ಚಿ ನಿಂದ್ರಿಸಿದ್ಳು. ತಲಿಮ್ಯಾಲಿನ ರುಮಾಲು ಸರಿ ಮಾಡಿದ್ಳು.

"ನೋಡವ್ವ, ಹಿಂಗಿದ್ದ."

ಕಾಕಾ ಅಲುಗಾಡಲಿಲ್ಲ.